ಅವನ ಕಣ್ಣಿಗೆ ಆರಿಸಿದ ಮೀಟರ್

ಆಸ್ಪತ್ರೆ ಯಂತ್ರಗಳ ರಿಪೇರಿಗೆ ಕರೆಂಟು ಅಳೆಯುವ ಮಲ್ಟಿಮೀಟರ್ ಯಾವುದು ತೆಗೆದುಕೊಳ್ಳಬೇಕು ಎಂದು ಈಗಲೂ ಕೆಲವರು ಮನೆಗೆ ಬಂದು ಕೇಳುತ್ತಾರೆ. ಮೊದಲು ವೈರು ನೋಡಿ ಅನ್ನುತ್ತೇನೆ. ಮೀಟರಿನಿಂದ ಹೊರಡುವ ಎರಡು ವೈರುಗಳ ಕೊನೆಗೆ ಪೆನ್ನಿನಂಥ ಹಿಡಿ ಇರುತ್ತದೆ, ಹಿಡಿಯ ಮೂತಿಗೆ ಲೋಹದ ಮೊನೆ. ಆ ಮೊನೆ ಎಷ್ಟು ಬತ್ತಲಾಗಿದೆ, ಬೆರಳು ಮುಂದೆ ಜಾರದಂತೆ ಹಿಡಿಯಲ್ಲಿ ಅಡ್ಡಗಟ್ಟು ಇದೆಯೇ, ಅದನ್ನು ನೋಡಿ. ಆಮೇಲೆ ಒಳಗಿನ ಫ್ಯೂಸು ಗಾಜಿನದೋ ಪಿಂಗಾಣಿಯದೋ ನೋಡಿ. ಉಳಿದದ್ದು ಅದರ ನಂತರ. ಕೇಳಲು ಬಂದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಅವರು ಅಂಕಿಗಳ ವಿಚಾರ ತಿಳಿಯಲು ಬಂದಿರುತ್ತಾರೆ.

ನಮ್ಮ ಮೊದಲ ಡಿಜಿಟಲ್ ಮೀಟರ್ ಆರಿಸಿದಾಗ ನಾವೂ ಅಂಕಿಗಳನ್ನೇ ನೋಡಿದ್ದೆವು. ಅವುಗಳ ಗಾತ್ರವನ್ನು. ಅದಕ್ಕೆ ಕಾರಣ ನನ್ನ ಜೊತೆಗಾರನ ಕಣ್ಣು.

ನಾವಿಬ್ಬರೂ ಸೈನ್ಯದ ಒಂದೇ ವರ್ಕ್‌ಶಾಪಿನಲ್ಲಿ ಪಳಗಿದವರು. ವೈರ್‌ಲೆಸ್ ಸೆಟ್ಟುಗಳಿಂದ ಶುರುವಾಗಿ ಕೊನೆಗೆ ಸೈನ್ಯದ ಆಸ್ಪತ್ರೆಯ ಯಂತ್ರಗಳಿಗೆ ಬಂದವರು. ನಾನು ಚಳ್ಳಕೆರೆಯವನು. ಅವನು ಮೊಳಕಾಲ್ಮೂರಿನ ನೇಕಾರರ ಮನೆಯವನು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಪಲ್ಟನ್ನಿನ ಹಿಂದಿ. ತೊಂಬತ್ತರ ದಶಕದ ನಡುವಿನಲ್ಲಿ ಒಬ್ಬರ ಹಿಂದೆ ಒಬ್ಬರು ಬಿಡುಗಡೆಯಾಗಿ ಊರು ಸೇರಿದೆವು. ಆ ಹೊತ್ತಿಗೆ ಎರಡೂ ಊರುಗಳಲ್ಲಿ ಸಣ್ಣ ಸಣ್ಣ ನರ್ಸಿಂಗ್ ಹೋಮುಗಳು ತೆರೆದಿದ್ದವು. ಇ.ಸಿ.ಜಿ. ಯಂತ್ರ, ಕಫ ಎಳೆಯುವ ಸಕ್ಷನ್, ನವಜಾತ ಶಿಶುವನ್ನು ಬೆಚ್ಚಗಿಡುವ ವಾರ್ಮರ್, ಎಲ್ಲವೂ ಬಂದಿದ್ದವು. ಅವು ಕೆಟ್ಟರೆ ಬೆಂಗಳೂರಿನಿಂದ ಕಂಪನಿಯವರು ಬರುವತನಕ ಕಾಯಬೇಕು. ನಾವಾದರೆ ಮಾರನೆಯ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಇಳಿಯುತ್ತಿದ್ದೆವು. ಚಳ್ಳಕೆರೆ, ನನ್ನಿವಾಳದ ಕಡೆ ನನ್ನದು. ಮೊಳಕಾಲ್ಮೂರು, ದೇವಸಮುದ್ರ, ರಾಂಪುರ ಅವನದು. ದೊಡ್ಡ ಕೆಲಸಕ್ಕೆ ಇಬ್ಬರೂ.

ನನ್ನದು ಪದ್ಧತಿಯ ಬದುಕು. ಬೆಳಕು ಹರಿಯುವ ಮುಂಚೆ ಏಳುವುದು, ಗಡ್ಡ ಹೆರೆಯುವುದು, ಬೂಟು ಒರೆಸುವುದು, ಚೀಲದ ಉಪಕರಣಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟು ನೋಡಿ ಮತ್ತೆ ತುಂಬುವುದು. ಯಂತ್ರದ ಮುಂದೆ ಕೂತ ಮೇಲೂ ಹಾಗೆಯೇ. ಕರೆಂಟು ಇದೆಯೆಂದು ಗೊತ್ತಿರುವ ಕಡೆ ಮೀಟರನ್ನು ಮೊದಲು ಹಚ್ಚಿ ನೋಡಬೇಕು. ಆಮೇಲೆ ಕರೆಂಟು ಇಲ್ಲ ಅಂದುಕೊಂಡ ಕಡೆ ಹಚ್ಚಬೇಕು. ಆಮೇಲೆ ಮತ್ತೆ ಮೊದಲಿನ ಕಡೆ. ಮೀಟರು ನಡುವೆ ಸತ್ತಿಲ್ಲ ಅನ್ನುವುದು ಖಾತ್ರಿಯಾದ ಮೇಲೆಯೇ ಯಂತ್ರಕ್ಕೆ ಕೈ. ಇದನ್ನು ನಮಗೆ ಕಲಿಸಿದ ಉಸ್ತಾದರು ಮಾತಿನಲ್ಲಿ ಕಲಿಸಿದ್ದು ಕಡಿಮೆ, ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಕಲಿಸಿದ್ದು ಹೆಚ್ಚು. ನನ್ನ ಜೊತೆಗಾರನಿಗೆ ಸ್ಕೇಲಿನ ಪೆಟ್ಟು ಎಲ್ಲರಿಗಿಂತ ಜಾಸ್ತಿ ಬಿದ್ದಿತ್ತು. ಅವನಿಗೆ ಮೊನೆಯನ್ನು ಬೆರಳಿನಿಂದ ಹಿಡಿಯುವ ಚಾಳಿ ಇತ್ತು.

ಆ ಚಾಳಿ ಮನೆಯಿಂದ ಬಂದದ್ದು. ಮಗ್ಗದ ಮೇಲೆ ಒಂದು ಹಾಸು, ಅಂದರೆ ಸೀರೆಯ ಉದ್ದದ ಎಳೆ, ಮುಗಿಯುತ್ತಾ ಬಂದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ಕೊನೆಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ರೇಷ್ಮೆ ಎಳೆ ಕೂದಲಿಗಿಂತ ಸಣ್ಣದು, ಜಾರುತ್ತದೆ. ಅದಕ್ಕೆ ಹೆಬ್ಬೆರಳು ತೋರುಬೆರಳುಗಳನ್ನು ನಾಲಗೆಗೆ ತಾಗಿಸಿ, ಬೂದಿಗೆ ಅದ್ದಿ, ತುದಿಯನ್ನು ಹುಡುಕಿ ಹಿಡಿದು ತಿರುಚುತ್ತಾರೆ. ಆ ಮನೆಗಳಲ್ಲಿ ಹೆಂಗಸರು ಗಂಡಸರು ಮಾತಾಡುತ್ತಾ, ಒಲೆಯ ಕಡೆ ನೋಡುತ್ತಾ, ಕೈಯ ಕಡೆ ನೋಡದೆ ಇದನ್ನು ಮಾಡುತ್ತಾರೆ. ಅವನೂ ಪಲ್ಟನ್ನು ಸೇರುವತನಕ ಮಾಡಿದ್ದ. ಮೀಟರಿನ ಮೊನೆ ಸಿಕ್ಕಾಗಲೂ ಬೆರಳು ನಾಲಗೆಗೆ ಹೋಗುತ್ತಿತ್ತು. ಉಸ್ತಾದರ ಸ್ಕೇಲು ಒಂದೇ ಚಳಿಗಾಲದಲ್ಲಿ ಅದನ್ನು ಬಿಡಿಸಿತು. ಆಮೇಲೆ ಅಷ್ಟು ವರ್ಷ ಅವನ ಬೆರಳು ಹಿಡಿಯ ಗಟ್ಟನ್ನು ದಾಟಿದ್ದನ್ನು ನಾನು ನೋಡಲಿಲ್ಲ.

ಅವನು ನನಗಿಂತ ಚುರುಕು. ನಾನು ಚೀಲ ಬಿಚ್ಚುವಷ್ಟರಲ್ಲಿ ಅವನು ದೋಷ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ‘ನೀನು ಟವೆಲ್ ಹಾಸೋದ್ರಾಗೆ ಪೇಷೆಂಟು ವಾಸಿಯಾಗಿ ಮನಿಗೆ ಹೋಗಿರ್ತಾನೆ’ ಎಂದು ನರ್ಸುಗಳ ಮುಂದೆ ಹಂಗಿಸುತ್ತಿದ್ದ. ನಾನು ಟವೆಲ್ ನೇರ ಮಾಡುತ್ತಿದ್ದೆ. ಅವನಿಗೆ ಅದಕ್ಕೂ ನಗು.

ಅವನಿಗೆ ಸಕ್ಕರೆ ಕಾಯಿಲೆ ಯಾವಾಗ ಬಂತೋ ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಅದು ಕಣ್ಣಿನ ಹಿಂಭಾಗಕ್ಕೆ ಇಳಿದಿತ್ತು. ದಾವಣಗೆರೆಯಲ್ಲಿ ಲೇಸರ್ ಬೆಳಕು ಹಾಯಿಸಿ ಚಿಕಿತ್ಸೆ ಮಾಡಿದರು. ಇದ್ದದ್ದನ್ನು ಉಳಿಸಬಹುದು, ಹೋದದ್ದು ಬರುವುದಿಲ್ಲ ಎಂದು ಅಲ್ಲಿನ ಡಾಕ್ಟರು ನೇರವಾಗಿ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತಿದ್ದ. ಹೊರಗೆ ಏನೂ ನೋಡದೆ ಹೇಳಿದ:

‘ಸೂಜಿ ಕಾಣ್ಸಲ್ಲ ಕಣಲೇ ನಂಗೆ. ಮೀಟರಿನ ಸೂಜಿ. ಎಷ್ಟು ದಿನದಿಂದ ಅಂತ ಕೇಳಬ್ಯಾಡ.’

ನಮ್ಮ ಬಳಿ ಇದ್ದದ್ದು ಹಳೆಯ ಸೂಜಿ ಮೀಟರು. ಬಿಳಿಯ ತಟ್ಟೆಯ ಮೇಲೆ ಕರಿಯ ಗೆರೆಗಳು, ನಡುವೆ ಅಲುಗುವ ಸಣ್ಣ ಸೂಜಿ. ಅವನು ಸೂಜಿ ಎಷ್ಟು ಜೋರಾಗಿ ಎದ್ದಿತು ಎಂಬುದನ್ನು ನೋಡಿ ಅಂದಾಜಿನ ಮೇಲೆ ದಿನ ತಳ್ಳುತ್ತಿದ್ದನಂತೆ. ಅವನೇ ಮುಂದುವರಿಸಿದ. ಮನೆಯಲ್ಲಿ ಮಗ್ಗ ಹೆಂಡತಿಯದು. ಕಣ್ಣಿಲ್ಲದವನಿಗೆ ಆ ಮನೆಯಲ್ಲಿ ಯಾವ ಕೆಲಸವೂ ಇಲ್ಲ. ಯಂತ್ರದ ಕೆಲಸ ಹೋದರೆ ಬೆಳಗ್ಗೆ ಎದ್ದು ಬೂಟು ಯಾಕೆ ಹಾಕಬೇಕು ಅನ್ನುವುದೇ ತನಗೆ ತಿಳಿಯುವುದಿಲ್ಲ ಎಂದ. ನಾನು ಸೂಜಿ ಬೇಡ, ಅಂಕಿಯ ಮೀಟರ್ ತರೋಣ ಎಂದೆ. ದೊಡ್ಡ ಅಂಕಿ, ಹಿಂದೆ ಬೆಳಕು, ಸರಿಯಿದ್ದರೆ ಬೀಪ್ ಎನ್ನುವ ಸದ್ದು. ಅವನು ‘ತರೋಣ’ ಎಂದ. ಅದರ ಮೇಲೆ ಅವನು ಇಟ್ಟ ಭಾರ ಎಷ್ಟು ಎಂಬುದು ನನಗೆ ಆಗಲೇ ಗೊತ್ತಾಗಿತ್ತು.

ಚಳ್ಳಕೆರೆಯ ಪೇಟೆಯಲ್ಲಿ ರೇಡಿಯೋ ಅಂಗಡಿಯ ಸಾಹೇಬರು ಒಬ್ಬರಿದ್ದರು. ಎಣ್ಣೆ ಗಿರಣಿಗಳ ಮೋಟಾರಿಗೆ ಸ್ಟಾರ್ಟರು, ಕೆಪಾಸಿಟರು ಮಾರುವವರು. ನಾವು ಕೇಳಿದ್ದಕ್ಕೆ ಬೆಂಗಳೂರಿನಿಂದ ಮೂರು ಮೀಟರು ತರಿಸಿ, ‘ಮಿಲಿಟರಿ ಸಾಬ್, ಮೂರೂ ತಗೊಂಡೋಗಿ ಕೆಲಸ ಮಾಡಿ ನೋಡ್ರಿ. ಬೇಕಾದ್ದು ಇಟ್ಕೊಳ್ರಿ, ಬ್ಯಾಡಾದ್ದು ವಾಪಸ್ ಕೊಡ್ರಿ. ಆದ್ರೆ ಸುಟ್ಟಿದ್ದು ಮಾತ್ರ ವಾಪಸ್ ಇಲ್ಲ’ ಎಂದರು.

ಮೂರನ್ನೂ ನಮ್ಮ ಕೆಲಸದ ಮೇಲೆ ಹಚ್ಚಿದೆವು. ಅಗ್ಗದ್ದು ಒಂದಿತ್ತು, ಹಳದಿ ಬಣ್ಣದ್ದು. ಗಿರಣಿಗಳು ಶುರುವಾದಾಗ ಚಳ್ಳಕೆರೆಯಲ್ಲಿ ವೋಲ್ಟೇಜು ಕುಸಿಯುತ್ತದೆ, ಎಷ್ಟೋ ಸಲ ಹೋಗಿಯೇ ಬಿಡುತ್ತದೆ. ನರ್ಸಿಂಗ್ ಹೋಮುಗಳು ಆಗ ಬ್ಯಾಟರಿಯ ಇನ್ವರ್ಟರಿಗೆ ಬೀಳುತ್ತಿದ್ದವು. ಆ ಇನ್ವರ್ಟರುಗಳ ಕರೆಂಟು ಲೈನಿನ ಕರೆಂಟಿನಂತೆ ದುಂಡಗೆ ಏರಿ ಇಳಿಯುವುದಿಲ್ಲ, ಚೌಕಾಕಾರವಾಗಿ ಕುಪ್ಪಳಿಸುತ್ತದೆ. ಹಳದಿ ಮೀಟರು ಲೈನಿನ ಮೇಲೆ ಸರಿಯಾಗಿ ಹೇಳುತ್ತಿತ್ತು, ಇನ್ವರ್ಟರಿನ ಮೇಲೆ ಸುಳ್ಳು ಹೇಳುತ್ತಿತ್ತು. ಅದನ್ನು ನಂಬಿ ಒಂದು ಸೂಕ್ಷ್ಮ ಯಂತ್ರಕ್ಕೆ ಸಪ್ಲೈ ಸರಿ ಇದೆ ಎಂದು ಹೇಳಲಾಗದು. ಅದನ್ನು ಬಿಟ್ಟೆವು.

ಎರಡನೆಯದು ವಿದೇಶದ್ದು. ಒಳಗೆ ಮರಳು ತುಂಬಿದ, ಸುಟ್ಟರೂ ಸಿಡಿಯದ ಪಿಂಗಾಣಿ ಫ್ಯೂಸು, ಗಟ್ಟಿ ಕವಚ, ಅಡ್ಡಗಟ್ಟು ಇದ್ದ ಹಿಡಿಗಳು, ಮೊನೆಯ ತುದಿ ಮಾತ್ರ ಹೊರಗೆ ಕಾಣುವಂಥದ್ದು. ಎಲ್ಲದರಲ್ಲೂ ಅದೇ ಮೇಲು. ಅದರ ಅಂಕಿ ಚಿಕ್ಕದು, ಹಿಂದೆ ಬೆಳಕಿಲ್ಲ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿನ ಹತ್ತಿರ ತಂದು, ದೂರ ಒಯ್ದು, ಕೊನೆಗೆ ನನ್ನ ಕೈಗೆ ಕೊಟ್ಟ.

ಮೂರನೆಯದರ ಅಂಕಿ ಹೆಬ್ಬೆರಳ ಉಗುರಿನಷ್ಟಿತ್ತು. ಗುಂಡಿ ಒತ್ತಿದರೆ ಹಿಂದೆ ಹಸಿರು ಬೆಳಕು. ಇನ್ವರ್ಟರಿನ ಮೇಲೂ ಸರಿಯಾಗಿ ಹೇಳುತ್ತಿತ್ತು. ಇ.ಸಿ.ಜಿ. ಯಂತ್ರದ ವೈರುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಮುರಿದಿರುತ್ತವೆ. ಎರಡು ತುದಿಗೆ ಮೊನೆ ಹಚ್ಚಿ, ವೈರನ್ನು ಮೆಲ್ಲಗೆ ಬಾಗಿಸುತ್ತಾ ಹೋದರೆ ಮುರಿದ ಕಡೆ ಬೀಪ್ ಸದ್ದು ತಟಕ್ಕನೆ ನಿಲ್ಲಬೇಕು. ನಿಧಾನದ ಮೀಟರಿನಲ್ಲಿ ಸದ್ದು ಎಳೆಯುತ್ತದೆ, ಮುರಿದ ಜಾಗ ದಾಟಿ ಹೋಗುತ್ತದೆ. ಇದರಲ್ಲಿ ಎಳೆಯುತ್ತಿರಲಿಲ್ಲ. ಒಂದು ಹಳೆಯ ಕೇಬಲ್ಲಿನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ಮುರುಕು ಹಿಡಿದ.

‘ಇದೇ ಕಣಲೇ,’ ಎಂದ. ‘ಇದು ನನ್ನ ಮೀಟರು. ನೀನು ಬೇಕಾದ್ರೆ ಆ ಫಾರಿನ್ನಿಗೆ ಪೂಜೆ ಮಾಡ್ಕೊ.’

ಆ ಮೀಟರಿನ ಮೊನೆಗಳು ಉದ್ದವಾಗಿದ್ದವು, ಪೂರ್ತಿ ಬತ್ತಲಾಗಿದ್ದವು. ಹಿಡಿಯಲ್ಲಿ ಗಟ್ಟು ಹೆಸರಿಗಿತ್ತು. ನಾನು ಅದನ್ನು ನೋಡಿದ್ದೆ. ಬೇರೆ ವೈರು ಹಾಕಿಸೋಣ ಎಂದೂ ಹೇಳಿದ್ದೆ. ಉದ್ದವಿದ್ದರೆ ಆಳದಲ್ಲಿರುವ ತಿರುಪಿಗೂ ಮುಟ್ಟುತ್ತದೆ, ಇರಲಿ ಬಿಡು ಎಂದ. ಅವನ ಕೈ ಎಷ್ಟು ಪಳಗಿದ್ದು ಎಂಬುದು ನನಗೆ ಗೊತ್ತಿತ್ತು, ಬಿಟ್ಟೆ. ಕೈಗೂ ಸಕ್ಕರೆ ಇಳಿಯುತ್ತಿದೆ ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ಕೆಲವು ತಿಂಗಳು ಚೆನ್ನಾಗಿದ್ದವು. ಅವನು ಮೀಟರನ್ನು ಕೊರಳಿಗೆ ನೇತು ಹಾಕಿಕೊಂಡು ರಾಂಪುರದ ಬಸ್ಸು ಹತ್ತುತ್ತಿದ್ದನಂತೆ. ಕಂಡಕ್ಟರು ಇದೇನು ಹೊಸ ನಮೂನೆ ತಾಳಿ ಎಂದರೆ, ಇದರ ಮುಂದೆ ನಿಂತರೆ ನಿನ್ನ ಹಾರ್ಟು ಎಷ್ಟು ದಿನ ಓಡುತ್ತದೆ ಎಂದು ಹೇಳುತ್ತದೆ ಎಂದು ಹೆದರಿಸುತ್ತಿದ್ದನಂತೆ. ವಾರಕ್ಕೊಮ್ಮೆ ನನಗೆ ಫೋನು ಮಾಡಿ ಮಾಡಿದ ಕೆಲಸವನ್ನೆಲ್ಲ ಒಪ್ಪಿಸುತ್ತಿದ್ದ. ದನಿಯಲ್ಲಿ ಹಳೆಯ ಚುರುಕು ಬಂದಿತ್ತು.

ಮೊಳಕಾಲ್ಮೂರಿನಲ್ಲಿ ಒಬ್ಬ ಡಾಕ್ಟರಮ್ಮ ಸಣ್ಣದೊಂದು ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿನ ವಾರ್ಮರನ್ನು ಮೊದಲಿನಿಂದಲೂ ಅವನೇ ನೋಡಿಕೊಳ್ಳುತ್ತಿದ್ದ. ಒಂದು ಚಳಿಗಾಲದ ಮಧ್ಯಾಹ್ನ ಆ ಯಂತ್ರವನ್ನು ಒರೆಸುತ್ತಿದ್ದ ಆಯಾ ಕೈ ಜುಮ್ಮೆಂದಿತು ಎಂದಳು. ಡಾಕ್ಟರಮ್ಮ ಅವನಿಗೆ ಹೇಳಿಕಳಿಸಿದರು. ಅವನು ಹೋಗಿ ಪ್ಲಗ್ಗು ಕಿತ್ತು, ಪ್ಲಗ್ಗಿನ ಕರೆಂಟಿನ ಪಿನ್ನಿಗೂ ಭೂಮಿಯ ಪಿನ್ನಿಗೂ ನಡುವೆ ಅಳೆದ. ಯಂತ್ರ ಒಳ್ಳೆಯದಿದ್ದರೆ ಆ ಎರಡರ ನಡುವೆ ದಾರಿಯೇ ಇರಬಾರದು, ಮೀಟರು ಯಾವ ಅಂಕಿಯನ್ನೂ ತೋರಿಸಬಾರದು. ಅದು ಅಂಕಿ ತೋರಿಸಿತು. ಒಳಗಿನ ಹೀಟರ್ ಕರೆಂಟು ಸೋರುತ್ತಿದೆ, ಇದರ ಮೇಲೆ ಮಗುವನ್ನು ಮಲಗಿಸಬೇಡಿ ಎಂದು ಹೇಳಿ, ನಮ್ಮ ಪದ್ಧತಿಯಂತೆ ಪ್ಲಗ್ಗಿಗೆ ಕೆಂಪು ದಾರ ಕಟ್ಟಿದ. ಕೆಂಪು ದಾರ ಕಟ್ಟಿದ ಯಂತ್ರವನ್ನು ಯಾರೂ ಹಚ್ಚಬಾರದು. ಕಟ್ಟಿದವನೇ ಬಿಚ್ಚಬೇಕು, ಇಲ್ಲವೇ ನಾನು ಬಿಚ್ಚಬೇಕು.

ಅಂದೇ ಸಂಜೆ ದೇವಸಮುದ್ರದ ಕಡೆಯ ಕುರಿಯವರ ಮನೆಯ ಹೆಂಗಸಿಗೆ ಅಲ್ಲಿ ಹೆರಿಗೆಯಾಯಿತು. ದಿನ ತುಂಬದ ಮಗು, ಅಂಗೈಯಲ್ಲಿ ಹಿಡಿಯುವಷ್ಟು. ಬೆಚ್ಚಗಿಡಲು ಇದ್ದ ಒಂದೇ ಯಂತ್ರಕ್ಕೆ ಕೆಂಪು ದಾರ. ಡಾಕ್ಟರಮ್ಮ ಮಗುವನ್ನು ಅದರ ಅಜ್ಜಿಯ ಎದೆಗೆ ಅಂಟಿಸಿ, ಮೇಲೆ ಅಜ್ಜನ ಕಂಬಳಿ ಸುತ್ತಿ, ಜೀಪಿನಲ್ಲಿ ರಾಂಪುರದ ಮೇಲೆ ಬಳ್ಳಾರಿಗೆ ಕಳಿಸಿದರು. ತಾಯಿ ಆಸ್ಪತ್ರೆಯಲ್ಲೇ ಉಳಿದಳು. ಜೀಪಿನ ಪಕ್ಕದ ಪರದೆ ಹರಿದಿತ್ತಂತೆ. ಅಜ್ಜ ದಾರಿಯುದ್ದಕ್ಕೂ ಆ ಹರುಕಿಗೆ ಬೆನ್ನು ಕೊಟ್ಟು ಕೂತಿದ್ದನಂತೆ.

ಮರುದಿನ ಬೆಳಗ್ಗೆ ನಾನು ಮೆಗ್ಗರ್ ತೆಗೆದುಕೊಂಡು ಹೋದೆ. ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹೆಚ್ಚಿನ ಒತ್ತಡ ಹಾಕಿ ನೋಡುವ ಉಪಕರಣ ಅದು. ನಮ್ಮಿಬ್ಬರಿಗೂ ಸೇರಿ ಒಂದೇ ಇತ್ತು, ನನ್ನ ಬಳಿ ಇರುತ್ತಿತ್ತು. ಅವನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬೂಟು ಒರೆಸಿಕೊಂಡು ಕಾಯುತ್ತಿದ್ದ. ಹೀಟರ್ ಬದಲಾಯಿಸಬೇಕಾಗುತ್ತದೆ ಎಂದು ಹೇಳುತ್ತಲೇ ಒಳಗೆ ಬಂದ.

ಮೆಗ್ಗರ್ ಹಚ್ಚಿದೆ. ಸೋರಿಕೆ ಇಲ್ಲ. ಮತ್ತೊಮ್ಮೆ ಹಚ್ಚಿದೆ, ಇಲ್ಲ. ಅವನ ಮೀಟರನ್ನೇ ತೆಗೆದುಕೊಂಡು, ಮೊನೆಗಳಿಗೆ ಕ್ಲಿಪ್ಪು ಸಿಕ್ಕಿಸಿ, ಪಿನ್ನುಗಳಿಗೆ ಕಚ್ಚಿಸಿ ಕೈ ಬಿಟ್ಟೆ. ಹಸಿರು ಬೆಳಕಿನಲ್ಲಿ ಅಂಕಿ ಬರಲಿಲ್ಲ. ಯಂತ್ರ ಗಟ್ಟಿಯಾಗಿತ್ತು. ಆಯಾಳ ಕೈ ಜುಮ್ಮೆಂದದ್ದು ಏನು ಎಂಬುದೂ ಆಮೇಲೆ ತಿಳಿಯಿತು. ನೆಲ ಆರಿಸಲು ಹಚ್ಚಿ ಯಂತ್ರದ ಪಕ್ಕಕ್ಕೆ ಒರಗಿಸಿಟ್ಟಿದ್ದ ಟೇಬಲ್ ಫ್ಯಾನಿನ ವೈರು ಸುಲಿದಿತ್ತು, ಅವಳ ಕೈ ಅದಕ್ಕೆ ತಾಗಿತ್ತು.

ನಾನು ಮೇಲೆ ನೋಡಲಿಲ್ಲ. ಕ್ಲಿಪ್ಪು ತೆಗೆದು, ‘ನೀನೊಂದು ಸಲ ನೋಡು’ ಎಂದು ಮೀಟರು ಕೊಟ್ಟೆ.

ಅವನು ಕುಕ್ಕುರುಗಾಲಿನಲ್ಲಿ ಕೂತ. ಮೀಟರನ್ನು ಮೊಣಕಾಲ ಮೇಲೆ ಇಟ್ಟು ಮುಖ ಬಗ್ಗಿಸಿದ. ಆಮೇಲೆ ಬಲಗೈಯ ಹೆಬ್ಬೆರಳು, ತೋರುಬೆರಳು ನಾಲಗೆಗೆ ಹೋದವು. ಆ ಒದ್ದೆ ಬೆರಳುಗಳು ಹಿಡಿಯನ್ನು ದಾಟಿ, ಮೊನೆಯ ಉದ್ದಕ್ಕೂ ಸವರಿಕೊಂಡು ಹೋಗಿ, ತುದಿಯನ್ನು ಹಿಡಿದು ಪಿನ್ನಿಗೆ ಒಯ್ದು ಕೂಡಿಸಿದವು. ಎಡಗೈಯೂ ಹಾಗೆಯೇ. ಅಂಕಿ ಎದ್ದಿತು. ಒಂದು ಕೈಯಿಂದ ಇನ್ನೊಂದು ಕೈಗೆ ಅವನ ಮೈಯೊಳಗಿನಿಂದ ಹಾದು ಬಂದ ತನ್ನದೇ ಬ್ಯಾಟರಿಯ ಸಣ್ಣ ಕರೆಂಟನ್ನು ಮೀಟರು ಅಳೆದು ತೋರಿಸುತ್ತಿತ್ತು.

‘ನೋಡ್ದಾ? ಐತಲ್ಲ,’ ಎಂದ.

‘ಬೆರಳು ತೆಗಿ.’

‘ತೆಗ್ದೇ ಹಿಡ್ದಿದೀನಿ.’

‘ಮೊನೆ ಮ್ಯಾಲೈತೆ ಬೆರಳು.’

‘ಇಲ್ಲಲೇ.’

ನಾನು ಅವನ ಬೆರಳನ್ನು ಹಿಡಿದು ಮೇಲೆತ್ತಿದೆ. ಅಂಕಿ ಹೋಯಿತು. ಬೆರಳನ್ನು ಮತ್ತೆ ಅಲ್ಲಿಗೇ ಇಟ್ಟೆ, ಬಂತು. ಅವನು ಕೈಯನ್ನು ಕಣ್ಣಿನ ಹತ್ತಿರ ತಂದುಕೊಂಡ. ತೋರುಬೆರಳ ತುದಿಗೆ ಮೊನೆ ಒತ್ತಿದ ಸಣ್ಣ ಗುಳಿ ಬಿದ್ದಿತ್ತು. ಆ ಗುಳಿ ಅವನಿಗೆ ಕಾಣಿಸುವಂತಿರಲಿಲ್ಲ. ಅದನ್ನು ಇನ್ನೊಂದು ಕೈಯಿಂದ ಸವರಿದ. ಆ ಕೈಗೂ ಅದು ತಿಳಿದಂತೆ ಕಾಣಲಿಲ್ಲ.

‘ಮುಟ್ಟಿದ್ದು ಗೊತ್ತೇ ಆಗ್ಲಿಲ್ಲ ಕಣಲೇ ನಂಗೆ,’ ಎಂದ. ಕೈ ಕೆಳಗಿಳಿಸಿ, ‘ಆ ಮಗು?’

ಬಳ್ಳಾರಿಯಿಂದ ಬೆಳಗ್ಗೆ ಫೋನು ಬಂದಿತ್ತು. ಮಗು ತಣ್ಣಗಾಗಿ ಮುಟ್ಟಿತ್ತು, ಈಗ ಬಿಸಿ ಹಿಡಿದಿದೆ, ಉಸಿರಾಡುತ್ತಿದೆ ಎಂದಿದ್ದರು. ಅದನ್ನೇ ಹೇಳಿದೆ. ಅವನು ತಲೆಯಾಡಿಸಿದ. ತಾಯಿ ಪಕ್ಕದ ಕೋಣೆಯಲ್ಲಿದ್ದಳು, ಅವಳು ಕೆಮ್ಮಿದ್ದು ಕೇಳಿಸಿತು. ಅವನು ದನಿ ತಗ್ಗಿಸಿದ.

ನಾನು ಕೆಲಸದ ಮಾತಿಗೆ ಬಂದೆ. ನನಗೆ ಬರುವುದು ಅದೊಂದೇ. ಇನ್ನು ಮುಂದೆ ಕ್ಲಿಪ್ಪು ಹಾಕಿಯೇ ಅಳೆಯುವುದು, ಕರೆಂಟು ಇರುವ ಕೆಲಸ ನನ್ನದು, ಕರೆಂಟು ಕಿತ್ತ ಮೇಲಿನದು ನಿನ್ನದು, ಫಾರಿನ್ ಮೀಟರಿನ ವೈರು ತರಿಸಿ ಇದಕ್ಕೆ ಹಾಕೋಣ, ಹೀಗೆ ಒಂದರ ಮೇಲೊಂದು ಹೇಳಿದೆ. ಅವನು ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡ. ಅಷ್ಟು ತಾಳ್ಮೆಯಿಂದ ಅವನು ನನ್ನ ಮಾತು ಯಾವತ್ತೂ ಕೇಳಿದವನಲ್ಲ.

‘ಕ್ಲಿಪ್ಪು ಸರಿಯಾಗಿ ಕೂತೈತೋ ಇಲ್ವೋ ಅಂತ ಯಾರು ನೋಡ್ತಾರೆ? ನಾನಾ?’

ನಾನು ಕ್ಲಿಪ್ಪುಗಳನ್ನು ಚೀಲಕ್ಕೆ ಹಾಕಿದೆ.

‘ನಿನ್ನೆ ಒಳ್ಳೇದನ್ನ ಕೆಟ್ಟೈತೆ ಅಂದೆ. ನಾಳೆ ಕೆಟ್ಟದ್ದನ್ನ ಒಳ್ಳೇದು ಅಂದ್ರೆ?’ ಎಂದ. ‘ಡಾಕ್ಟರಮ್ಮಂಗೆ ನೀನು ಹೇಳಬ್ಯಾಡ. ನಾನೇ ಹೇಳ್ತೀನಿ.’

ಅವನು ಮೊದಲು ಮಾಡಿದ್ದು ಪ್ಲಗ್ಗಿನ ಕೆಂಪು ದಾರ ಬಿಚ್ಚಿದ್ದು. ಗಂಟು ಸಣ್ಣದಿತ್ತು, ಅವನ ಉಗುರಿಗೆ ಸಿಗಲಿಲ್ಲ. ನಾನು ಕೈ ಚಾಚಿದೆ, ತಳ್ಳಿದ. ಬಹಳ ಹೊತ್ತಿನ ಮೇಲೆ ಹಲ್ಲಿನಿಂದ ಕಚ್ಚಿ ಬಿಚ್ಚಿದ. ಆಮೇಲೆ ಶರಟು ಸರಿಮಾಡಿಕೊಂಡು ಡಾಕ್ಟರಮ್ಮನ ಕೋಣೆಯ ಬಾಗಿಲಿಗೆ ಹೋಗಿ, ಪಲ್ಟನ್ನಿನಲ್ಲಿ ಸಾಹೇಬರ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತ. ನಾನು ಎರಡು ಹೆಜ್ಜೆ ಹಿಂದೆ ನಿಂತೆ.

ಡಾಕ್ಟರಮ್ಮ ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ. ಅವರಿಗೆ ಅವನ ಕಣ್ಣಿನ ವಿಚಾರ ಗೊತ್ತಿತ್ತು. ಕೈಯ ವಿಚಾರ ಅವರು ನನಗಿಂತ ಬೇಗ ಅರ್ಥ ಮಾಡಿಕೊಂಡಿರಬೇಕು. ಕೂತ್ಕೊಳ್ಳಿ ಎಂದರು. ಅವನು ಕೂರಲಿಲ್ಲ.

‘ಯಂತ್ರಕ್ಕೇನೂ ಆಗಿಲ್ವಲ್ಲ, ಬಿಡಿ,’ ಎಂದರು ಅವರು.

‘ಯಂತ್ರಕ್ಕೇನೂ ಆಗಿಲ್ಲ ಮೇಡಂ. ಅದಕ್ಕೇ ಹೇಳಾಕ್ ಬಂದೆ. ಇನ್ನ ಮ್ಯಾಲೆ ನನ್ನ ಕರೀಬ್ಯಾಡ್ರಿ. ಚಳ್ಳಕೆರೆಯಿಂದ ಇವನು ಬರ್ತಾನೆ. ತಡ ಮಾಡ್ತಾನೆ, ಟವೆಲ್ ಹಾಸ್ತಾನೆ. ಆದ್ರೂ ಇವನ್ನೇ ಕರೀರಿ.’

ಹೊರಗೆ ಬಂದು ಮೀಟರನ್ನು ಕೊರಳಿನಿಂದ ತೆಗೆದು ನನ್ನ ಚೀಲಕ್ಕೆ ಹಾಕಿದ. ಹಾಕುವ ಮೊದಲು ಬಟನ್ ಆಫ್ ಆಗಿದೆಯೇ ಎಂದು ಕೇಳಿದ. ನೋಡಿ, ಆಗಿದೆ ಎಂದೆ. ಮಗುವನ್ನು ಹಲವು ದಿನಗಳ ಮೇಲೆ ವಾಪಸು ತಂದರು. ತಂದ ದಿನ ಅವನು ಆ ಆಸ್ಪತ್ರೆಯ ಬೀದಿಯ ತನಕ ಹೋಗಿ, ಒಳಗೆ ಹೋಗದೆ, ಆಯಾಳಿಂದ ವಿಚಾರಿಸಿಕೊಂಡು ಬಂದನಂತೆ.

ಆ ಮೇಲೆ ಆ ಕಡೆಯ ಕೆಲಸಕ್ಕೆಲ್ಲ ನಾನೇ ಹೋಗುತ್ತಿದ್ದೆ. ಕೆಲಸ ಮುಗಿಸಿ ಅವನ ಮನೆಗೆ ಹೋಗಿ, ಒಂದು ಲೋಟ ಚಹಾ ಕುಡಿದು ಬಸ್ಸಿಗೆ ಹೋಗುವುದು ಪದ್ಧತಿಯಾಯಿತು. ಹೊರಗಿನ ಕೋಣೆಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ, ಆ ಕುಣಿಯಲ್ಲಿ ಅವನ ಹೆಂಡತಿ. ಒಳಬಾಗಿಲ ಪಕ್ಕ ಅವನು, ಗೋಡೆಗೆ ಬೆನ್ನು ಕೊಟ್ಟು. ಶುರುವಿನಲ್ಲಿ ನಾನು ಕೂರುವ ಮುಂಚೆಯೇ ಕೇಳುತ್ತಿದ್ದ, ಇವತ್ತು ಯಾವುದು, ಏನು ತೋರಿಸಿತು. ಇ.ಸಿ.ಜಿ. ಅಂದರೆ ಯಾವ ವೈರು ಎನ್ನುತ್ತಿದ್ದ. ಸಕ್ಷನ್ ಅಂದರೆ ಮೋಟಾರಿನ ಸದ್ದು ಹೇಗಿತ್ತು, ಬಾಯಲ್ಲಿ ಮಾಡಿ ತೋರಿಸು ಎನ್ನುತ್ತಿದ್ದ. ನಾನು ಬಾಯಲ್ಲಿ ಮಾಡುತ್ತಿದ್ದೆ. ಕುಣಿಯಿಂದ ಅವನ ಹೆಂಡತಿ, ಇಬ್ಬರಿಗೂ ವಯಸ್ಸಾಯಿತು, ಬುದ್ಧಿ ಬರಲಿಲ್ಲ ಎಂದು ತೆಲುಗಿನಲ್ಲಿ ಗೊಣಗುತ್ತಿದ್ದಳು. ಅವನು ಅಲ್ಲಿ ಕೂತೇ ದೋಷ ಹೇಳುತ್ತಿದ್ದ, ಹೆಚ್ಚಿನ ಸಲ ಸರಿಯಾಗಿ.

ಅವಳು ಅವನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹೊಸ ಹಾಸು ಬಂದಾಗ ಎಳೆ ಕೂಡಿಸಲು ಪಕ್ಕಕ್ಕೆ ಕರೆದುಕೊಂಡಳು. ಚಿಕ್ಕಂದಿನ ಕೆಲಸ, ಕಣ್ಣು ಬೇಡದ ಕೆಲಸ. ಅವನು ಬೂದಿಯ ಬಟ್ಟಲು ಮುಂದಿಟ್ಟುಕೊಂಡು ಮೊದಲ ದಿನ ಹುರುಪಿನಿಂದ ಹೊಸೆದನಂತೆ. ಬೆರಳಿಗೆ ಎಳೆ ಸಿಕ್ಕಿದೆಯೋ ಇಲ್ಲವೋ ತಿಳಿಯದ ಕೈ ಅದು. ಅವನು ಕೂಡಿಸಿದ ಎಳೆಗಳು ಮಗ್ಗ ಎಳೆದಾಗ ಬಿಟ್ಟುಕೊಳ್ಳುತ್ತಿದ್ದವು. ಬಿಟ್ಟಾಗಲೆಲ್ಲ ಅವಳು ಮಗ್ಗ ನಿಲ್ಲಿಸಿ, ಏನೂ ಹೇಳದೆ ಆ ಎಳೆಯನ್ನು ತಾನೇ ಹೊಸೆದು ಮತ್ತೆ ಶುರು ಮಾಡುತ್ತಿದ್ದಳು. ಹೇಳದಿದ್ದರೇನು, ಮಗ್ಗದ ಸದ್ದು ನಿಲ್ಲುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಗೆಯಲ್ಲಿ ನಾನು ಹೋದಾಗ ಅವನು ಎಂದಿನಂತೆ ಗೋಡೆಗೆ ಒರಗಿ ಕೂತಿದ್ದ. ನನ್ನ ಬೂಟಿನ ಸದ್ದಿಗೆ, ಬಾ ಎಂದ. ಅವಳು ಎದ್ದು ಹೋಗಿ ಚಹಾ ತಂದುಕೊಟ್ಟು ಮತ್ತೆ ಕುಣಿಗೆ ಇಳಿದಳು. ಬಿಸಿಲು, ಬಸ್ಸು, ಅವನ ಮಾತ್ರೆಗಳು, ಇದರ ಬಗ್ಗೆ ಮಾತು ನಡೆಯಿತು. ಅವನು ಕೇಳಲಿ ಎಂದು ಕಾದೆ. ಅಂದು ರಾಂಪುರದಲ್ಲಿ ನೋಡಿದ್ದ ಯಂತ್ರದ ಬಗ್ಗೆ ಹೇಳುವುದು ಬಹಳವಿತ್ತು. ಅವನು ಕೇಳಲಿಲ್ಲ. ಅವನು ಹೊಸೆದ ಎಳೆಯೊಂದು ಬಿಟ್ಟಿರಬೇಕು, ಮಗ್ಗ ನಿಂತಿತು. ಅವನ ಮುಖ ಆ ಕಡೆ ತಿರುಗಿತು. ಮತ್ತೆ ಶುರುವಾಗುವತನಕ ಅವನು ಹಾಗೆಯೇ ಇದ್ದ. ಮತ್ತೆ ಶುರುವಾಯಿತು.

‘ಸಕ್ಷನ್ ಮೋಟಾರು ನೋಡ್ದೆ ಇವತ್ತು,’ ಎಂದು ನಾನೇ ಹೇಳಿದೆ.

‘ಸರಿ ಆಯ್ತಾ?’

‘ಆಯ್ತು.’

‘ಆಯ್ತಲ್ಲ,’ ಎಂದ. ಅಷ್ಟೇ. ಏನು ಕೆಟ್ಟಿತ್ತು ಎಂದು ಕೇಳಲಿಲ್ಲ. ನಾನು ಲೋಟ ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಎದ್ದೆ. ಬಾಗಿಲ ತನಕ ಬರುವುದು ಅವನ ರೂಢಿ. ಅಂದು ಕೂತಲ್ಲಿಂದಲೇ ಕೈ ಎತ್ತಿದ.